ಬೆಂಗಳೂರು–ಸಿಡ್ನಿ: ಮಾರ್ಚ್ ಕೊನೆಗೆ ಒಂಬತ್ತು ರಾತ್ರಿ, ನಾಲ್ಕು ಜನ. ಯೋಜನೆ ನೋಡಿ ತಿದ್ದಿಕೊಡಿ

ಮಲ್ಲಿಗೆಹಂಬು

ಎಲ್ಲರಿಗೂ ನಮಸ್ಕಾರ. ನಾವಿಬ್ಬರು, ಒಂಬತ್ತು ವರ್ಷದ ಮಗಳು, 71ರ ಅತ್ತೆ. ಅತ್ತೆಗೆ ಮಂಡಿನೋವು: ಸಮತಟ್ಟಾದ ಕಡೆ ಅರ್ಧ ಗಂಟೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಎಲ್ಲರೂ ಸಸ್ಯಾಹಾರಿಗಳು.

ಯುಗಾದಿ ಮುಗಿಸಿ 2026ರ ಮಾರ್ಚ್ 26, ಗುರುವಾರ ಸಂಜೆ ನೇರ ವಿಮಾನದಲ್ಲಿ ಹೊರಟು ಶುಕ್ರವಾರ ತಲುಪುವುದು, ಏಪ್ರಿಲ್ 5ರ ಭಾನುವಾರ ಬೆಳಗ್ಗೆ ಅಲ್ಲಿಂದ ಹೊರಡುವುದು ಎಂದುಕೊಂಡಿದ್ದೇವೆ. ಟಿಕೆಟ್ ಇನ್ನೂ ತೆಗೆದಿಲ್ಲ. ನನ್ನ ಪ್ರಶ್ನೆಗಳು: ನೇರ ವಿಮಾನವೋ ಸಿಂಗಪುರದ ಮೇಲೋ? ಉಳಿಯುವುದು ಊರೊಳಗೋ, ಪಶ್ಚಿಮದ ಉಪನಗರ ಪ್ಯಾರಮಟ್ಟಾ ಕಡೆಯೋ? ಅತ್ತೆಗೆ ಆಗುವ ಕಡಲತೀರ ಯಾವುದು? ತಿಂಡಿ, ಪುಡಿ, ಉಪ್ಪಿನಕಾಯಿ ಒಯ್ಯಬಹುದೇ?

ರೆಕ್ಕೆಲೆಕ್ಕ

ಮೇಡಂ, ವಿಮಾನದ ಮಾತು ಮೊದಲು. ಅತ್ತೆಯವರ ಮಂಡಿ ನೋಡಿದರೆ ನೇರ ವಿಮಾನವೇ ಸರಿ. ಹನ್ನೆರಡು ಗಂಟೆಯೊಳಗೆ ಮುಗಿಯುತ್ತದೆ. ಸಿಂಗಪುರದ ಮೇಲೆ ಹೋದರೆ ನಾಲ್ಕೂವರೆ ಗಂಟೆ, ಕಾಯುವ ಹೊತ್ತು, ಮತ್ತೆ ಎಂಟು ಗಂಟೆ. ನಡುವೆ ಕಾಲಾಡಿಸಬಹುದು ಅನ್ನುವುದು ನಿಜ, ಆದರೆ ನಿದ್ದೆ ಎರಡು ತುಂಡಾಗುತ್ತದೆ. ದರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಮಾತ್ರ ಸಿಂಗಪುರ, ಅದೂ ಒಂದೇ ಟಿಕೆಟ್‌ನಲ್ಲಿ. ಎರಡು ಬೇರೆ ಟಿಕೆಟ್ ತೆಗೆದರೆ ಲಗೇಜು ಸಿಂಗಪುರದಲ್ಲೇ ಇಳಿಯುತ್ತದೆ. ಅದನ್ನು ತೆಗೆದುಕೊಳ್ಳಲು ವಲಸೆ ತಪಾಸಣೆ ದಾಟಬೇಕು, ಅದಕ್ಕೆ ಸಿಂಗಪುರದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟಿನ ಹಣವೂ ನಿಮ್ಮದೇ.

ಬೆಂಗಳೂರಿನಿಂದ ಕ್ವಾಂಟಾಸ್ 2022ರ ಸೆಪ್ಟೆಂಬರ್‌ನಿಂದ ನೇರವಾಗಿ ಹಾರುತ್ತಿದೆ. ಹಾರುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುತ್ತವೆ, ಆದ್ದರಿಂದ ನಿಮ್ಮ ಗುರುವಾರ ಮತ್ತು ಭಾನುವಾರ ಎರಡೂ ಇವೆಯೇ ನೋಡಿ. ಈ ಮಾರ್ಗದ ಎ330 ವಿಮಾನದಲ್ಲಿ ಎಕಾನಮಿ ಸೀಟುಗಳು 2-4-2. ನಾಲ್ವರಿಗೆ ನಡುವಿನ ನಾಲ್ಕು ಸೀಟು ಹಿಡಿಯಿರಿ. ಅತ್ತೆ ಒಂದು ತುದಿಗೆ, ನೀವು ಇನ್ನೊಂದು ತುದಿಗೆ, ಮಗು ನಡುವೆ. ಕಿಟಕಿ ಪಕ್ಕ ಎರಡೆರಡು ಸೀಟು ತೆಗೆದರೆ ಒಳಗೆ ಕೂತವರು ಏಳುವಾಗಲೆಲ್ಲ ಅತ್ತೆಯೂ ಏಳಬೇಕಾಗುತ್ತದೆ. ತುರ್ತು ಬಾಗಿಲ ಸಾಲಿನಲ್ಲಿ ಕಾಲು ಚಾಚಲು ಜಾಗ ಹೆಚ್ಚು, ಆದರೆ ಮಕ್ಕಳನ್ನೂ ನೆರವು ಬೇಕಾದವರನ್ನೂ ಅಲ್ಲಿ ಕೂರಿಸುವುದಿಲ್ಲ.

ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿ, ಕೊನೆಯ ಎರಡು ದಿನಕ್ಕೆ ಬಿಡಬೇಡಿ. ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಗೇಟಿನವರೆಗೆ ಬಹಳ ನಡಿಗೆ. ‘ನಾನು ನಡೀತೀನಿ’ ಎಂದು ಹಿರಿಯರು ಬೇಡ ಎನ್ನುತ್ತಾರೆ. ಒಪ್ಪಿಸಿ. ಊಟಕ್ಕೆ ಹಿಂದೂ ಸಸ್ಯಾಹಾರ ಬೇಕೆಂದು ನಾಲ್ವರ ಹೆಸರಿನಲ್ಲೂ ಬೇರೆಬೇರೆಯಾಗಿ ನಮೂದಿಸಿ, ಹೊರಡುವ 24 ಗಂಟೆ ಮೊದಲೇ. ಒಬ್ಬರ ಹೆಸರಿನಲ್ಲಿ ಹಾಕಿದ್ದು ಉಳಿದವರಿಗೆ ತಾನಾಗಿ ಅನ್ವಯಿಸುವುದಿಲ್ಲ.

ನಿದ್ದೆಯ ಲೆಕ್ಕ: ನೀವು ಹೋಗುವಾಗ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಸಂಜೆ ಏಳು ಎಂದರೆ ಅಲ್ಲಿ ನಡುರಾತ್ರಿ ದಾಟಿ ಹನ್ನೆರಡೂವರೆ. ಆದ್ದರಿಂದ ಊಟ ಆದ ಕೂಡಲೇ ಮಲಗಬೇಕು, ಸಿನಿಮಾ ಹಾಕಿಕೊಳ್ಳಬಾರದು. ಹೊರಡುವ ಮೂರು ದಿನ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ ಬೇಗ ಎದ್ದರೆ ಮಗುವಿಗೆ ಬಹಳ ಅನುಕೂಲ. ತಲುಪಿದ ದಿನ ಮಧ್ಯಾಹ್ನ ಬಿಸಿಲು ಬೆಳಕಿನಲ್ಲಿ ಹೊರಗಿರಿ. ಹೋಟೆಲಿನಲ್ಲಿ ಪರದೆ ಎಳೆದು ಮಲಗಿದರೆ ರಾತ್ರಿ ಎರಡಕ್ಕೆ ಎಲ್ಲರೂ ಎದ್ದು ಕೂತಿರುತ್ತೀರಿ.

ಅತ್ತೆಯವರು ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ, ಕೂತಲ್ಲೇ ಹಿಮ್ಮಡಿ ಊರಿ ಪಾದ ಎತ್ತಿ ಇಳಿಸಲಿ. ಬಿಗಿ ಕಾಲುಚೀಲ ಬೇಕೇ ಬೇಡವೇ ಎಂಬುದನ್ನು ಅವರ ವೈದ್ಯರೇ ಹೇಳಲಿ. ಅಳತೆ ತಪ್ಪಿದ ಚೀಲ ಮಂಡಿಯ ಹಿಂದೆ ಸುರುಳಿಯಾಗಿ ಬಿಗಿದರೆ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು.

ಗಂಟುಮೂಟೆ

ತಿಂಡಿ, ಪುಡಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದರಲ್ಲಿ ಜನ ಎಡವುವುದು ತಂದ ವಸ್ತುವಿನಿಂದಲ್ಲ, ಹೇಳದೆ ತಂದಿದ್ದರಿಂದ.

ವಿಮಾನದಲ್ಲಿ ಆಗಮನ ಕಾರ್ಡು ಕೊಡುತ್ತಾರೆ. ಆಹಾರ, ಗಿಡಮೂಲದ ವಸ್ತು, ಮರದ ಸಾಮಾನು ಇದೆಯೇ ಎಂದು ಅದರಲ್ಲಿ ಕೇಳಿರುತ್ತದೆ. ಒಂದು ಪ್ಯಾಕೆಟ್ ಬಿಸ್ಕತ್ತಿದ್ದರೂ ‘ಹೌದು’ ಎಂದೇ ಗುರುತು ಹಾಕಿ. ಹೇಳಿಕೊಂಡು ತೋರಿಸಿದರೆ, ಬಿಡಲಾಗದ ವಸ್ತುವನ್ನು ಅಧಿಕಾರಿ ತೆಗೆದುಕೊಳ್ಳುತ್ತಾರೆ, ಅಷ್ಟೇ. ‘ಇಲ್ಲ’ ಎಂದು ಬರೆದು ಎಕ್ಸ್‌ರೇಯಲ್ಲೋ ನಾಯಿಯ ಮೂಗಿಗೋ ಸಿಕ್ಕರೆ ದಂಡ ಸಾವಿರಾರು ಡಾಲರ್‌ವರೆಗೆ ಹೋಗುತ್ತದೆ, ವೀಸಾ ರದ್ದು ಮಾಡುವ ಅಧಿಕಾರವೂ ಅವರಿಗಿದೆ.

ಬೇಡವೇ ಬೇಡ: ಹಸಿ ಕರಿಬೇವು, ಹಣ್ಣು, ತರಕಾರಿ, ಹೂವು, ವೀಳ್ಯದೆಲೆ, ಬಿತ್ತನೆ ಬೀಜ, ಹಾಲಿನ ಸಿಹಿ. ಧಾರವಾಡ ಪೇಡ, ಬರ್ಫಿ, ಜಾಮೂನು ಎಲ್ಲ ಇದರಲ್ಲೇ ಬಂತು. ಭಾರತದಲ್ಲಿ ದನಗಳ ಕಾಲುಬಾಯಿ ರೋಗ ಇದೆ, ಆಸ್ಟ್ರೇಲಿಯಾದಲ್ಲಿ ಇಲ್ಲ. ಹಾಲಿನ ಪದಾರ್ಥದ ಬಗ್ಗೆ ಅಷ್ಟು ಬಿಗಿ ಅದಕ್ಕೇ. ವಿಮಾನದಲ್ಲಿ ಕೊಟ್ಟ ಸೇಬನ್ನು ಮಗು ಚೀಲಕ್ಕೆ ಹಾಕಿಕೊಂಡಿದೆಯೇ ನೋಡಿ. ತಪಾಸಣೆಗೆ ಮೊದಲೇ ಅಂಥದ್ದನ್ನು ಹಾಕಲು ತೊಟ್ಟಿ ಇಟ್ಟಿರುತ್ತಾರೆ.

ಚಟ್ನಿಪುಡಿ, ಸಾರಿನಪುಡಿ, ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ: ಅಂಗಡಿಯ ಮೊಹರು ಒಡೆಯದ, ಇಂಗ್ಲಿಷಿನಲ್ಲಿ ಪದಾರ್ಥಗಳ ಪಟ್ಟಿ ಇರುವ ಪ್ಯಾಕೆಟ್ ಆದರೆ ಅಧಿಕಾರಿಗೆ ನೋಡಲು ಸುಲಭ. ಮನೆಯಲ್ಲಿ ಮಾಡಿದ್ದಾದರೆ ಏನೇನು ಹಾಕಿದೆ ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಿ. ನಿರ್ಧಾರ ಅವರದ್ದೇ. ಎಲ್ಲ ತಿನಿಸೂ ಒಂದೇ ಚೀಲದಲ್ಲಿ, ಮೇಲೇ ಇರಲಿ. ನಾಲ್ಕು ಪೆಟ್ಟಿಗೆಗೆ ಹಂಚಿದರೆ ನಾಲ್ಕನ್ನೂ ಬಿಚ್ಚಬೇಕಾಗುತ್ತದೆ. ಒಂಬತ್ತು ದಿನಕ್ಕೆ ಕಾಲು ಕಿಲೋ ಪುಡಿ ಸಾಕು. ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ಕಡೆಯ ಅಂಗಡಿಗಳಲ್ಲಿ ನಮ್ಮ ಸಾಮಾನೆಲ್ಲ ಸಿಗುತ್ತದೆ.

ಅತ್ತೆಯವರ ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ಇಂಗ್ಲಿಷಿನ ಔಷಧಿ ಚೀಟಿ. ಮೂರು ತಿಂಗಳಿಗೆ ಬೇಕಾಗುವಷ್ಟರವರೆಗೆ ಒಯ್ಯಬಹುದು. ಅರ್ಧ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ ಇಡಿ. ಚೂರ್ಣ, ಕಷಾಯದ ಪುಡಿ ಇದ್ದರೆ ಅದನ್ನೂ ತೋರಿಸಿ. ಚಪ್ಪಲಿ, ಬೂಟಿನ ಅಡಿಯ ಮಣ್ಣು ತೊಳೆದಿರಲಿ.

ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು 3.7 ವೋಲ್ಟ್ ಲೆಕ್ಕದಲ್ಲಿ 74 ಆಗುತ್ತದೆ, ತೊಂದರೆ ಇಲ್ಲ. ಅಳತೆ ಅಳಿಸಿಹೋದದ್ದನ್ನು ಕಿತ್ತುಕೊಳ್ಳುತ್ತಾರೆ. ಅಲ್ಲಿಯ ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಪಿನ್ನು ಮಾತ್ರ ಬೇರೆ, ಓರೆಯಾದ ಚಪ್ಪಟೆ ಪಿನ್ನು. ಅಡಾಪ್ಟರ್ ಎರಡು, ಜೊತೆಗೆ ಇಲ್ಲಿಯದೇ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಸಾಕು.

ಹುಬ್ಬಳ್ಳಿಮಂದಿ

ಅಕ್ಕಾರ, ವಿಮಾನ ನಿಲ್ದಾಣದಿಂದ ಊರಿಗೆ ರೈಲಿನ್ಯಾಗ ಹೋಗಬ್ಯಾಡ್ರಿ. ರೈಲು ಹದಿನೈದು ನಿಮಿಷದಾಗ ಊರೊಳಗಿನ ಸೆಂಟ್ರಲ್ ನಿಲ್ದಾಣಕ್ಕ ಒಯ್ತದ, ಖರೆ. ಆದ್ರ ವಿಮಾನ ನಿಲ್ದಾಣದ ರೈಲು ಸ್ಟೇಶನ್ನಿಗೆ ಪ್ರವೇಶ ಶುಲ್ಕ ಅಂತ ದೊಡ್ಡವರಿಗೆ 17 ಡಾಲರ್ ಮ್ಯಾಲ ಬೀಳ್ತದ, ಹುಡುಗರಿಗೂ ಬರೇ ಸ್ವಲ್ಪ ಕಡಿಮಿ. ನಾಲ್ಕು ಮಂದಿಗೆ ಅದೊಂದ 65 ದಾಟ್ತದ, ಟಿಕೆಟ್ ಬ್ಯಾರೆ. ಟ್ಯಾಕ್ಸಿ 60ರ ಆಜೂಬಾಜೂ ಹೋಟೆಲಿನ ಬಾಗಿಲಿಗೇ ಬಿಡ್ತದ. ನಾಲ್ಕು ದೊಡ್ಡ ಪೆಟ್ಟಿಗಿ ಇದ್ರ ದೊಡ್ಡ ಗಾಡಿ ಕೇಳ್ರಿ, ಅದಕ್ಕ ಸ್ವಲ್ಪ ಜಾಸ್ತಿ.

ಒಬ್ಬರ ಹೊಂಟವರಿಗೆ ಬ್ಯಾರೆ ದಾರಿ ಅದ. 420 ನಂಬರಿನ ಬಸ್ಸು ಹಿಡದು ಮ್ಯಾಸ್ಕಾಟ್ ನಿಲ್ದಾಣಕ್ಕ ಹೋಗಿ ಅಲ್ಲಿ ರೈಲು ಹತ್ತಿದ್ರ ಆ ಶುಲ್ಕ ಇಲ್ಲ. ಮುದುಕರು, ಪೆಟ್ಟಿಗಿ ಇದ್ದಾಗ ಬ್ಯಾಡ.

ಊರಾಗ ತಿರಗಾಡಾಕ ಓಪಲ್ ಪದ್ಧತಿ. ಕಾರ್ಡು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮುಟ್ಟಸಬೇಕು. ಇಳಿಯುವಾಗ ಮರತ್ರ ಪೂರಾ ದೂರದ ದರ ಕಡೀತದ. ದಿನದ ಮಿತಿ (ಎಷ್ಟ ತಿರಗಿದ್ರೂ ಅದಕ್ಕಿಂತ ಜಾಸ್ತಿ ಕಡಿಯಂಗಿಲ್ಲ) ಸೋಮವಾರದಿಂದ ಗುರುವಾರ 19 ಡಾಲರ್ ಆಜೂಬಾಜೂ. ಶುಕ್ರ, ಶನಿ, ಭಾನು, ಸರ್ಕಾರಿ ರಜಾ ದಿನ ಅದರ ಅರ್ಧ. ವಾರಕ್ಕ 50. ಬಸ್ಸು, ರೈಲು, ಮೆಟ್ರೊ, ಟ್ರಾಮು, ದೋಣಿ ಎಲ್ಲಾ ಅದರಾಗ ಬಂತು. ದೂರದ ಊರೆಲ್ಲ ಶುಕ್ರವಾರದಿಂದ ಭಾನುವಾರದೊಳಗ ಇಟ್ಕೊಳ್ರಿ, ರೊಕ್ಕ ಉಳೀತದ.

ಪಡುವಣದಲೆ

ಹುಬ್ಬಳ್ಳಿಮಂದಿ ಅವರ ಟ್ಯಾಕ್ಸಿ ಲೆಕ್ಕ ಪೂರ್ತಿ ಸರಿ. ಕೊನೆಯ ಮಾತಿಗೆ ಮಾತ್ರ ನನ್ನ ಸಮ್ಮತಿ ಇಲ್ಲ. ಬ್ಲೂ ಮೌಂಟನ್ಸ್ ಗುಡ್ಡಗಳಿಗೆ ವಾರದ ದಿನವೇ ಹೋಗಿ. ಅಲ್ಲಿಯ ಊರಾದ ಕಟೂಂಬಾಕ್ಕೆ ಸೆಂಟ್ರಲ್‌ನಿಂದ ರೈಲಿನಲ್ಲಿ ಎರಡು ಗಂಟೆ. ಶನಿವಾರ, ಭಾನುವಾರ ಹಳಿ ಕೆಲಸವಿದ್ದರೆ ಅರ್ಧ ದಾರಿ ರೈಲು ಬಿಡಿಸಿ ಬಸ್ಸು ಹತ್ತಿಸುತ್ತಾರೆ, ಎರಡು ಗಂಟೆಯ ದಾರಿ ಮೂರು ದಾಟುತ್ತದೆ. ವಾರಾಂತ್ಯದಲ್ಲಿ ಉಳಿಯುವುದು ತಲೆಗೆ ಹತ್ತು ಡಾಲರಿಗೂ ಕಡಿಮೆ. ಮಂಡಿನೋವಿನವರಿಗೆ ಆ ಹತ್ತು ಡಾಲರ್ ಲಾಭವಲ್ಲ.

ಕಟೂಂಬಾದಲ್ಲಿ 686 ಬಸ್ಸು ನಿಲ್ದಾಣದ ಹತ್ತಿರದಿಂದಲೇ ಎಕೋ ಪಾಯಿಂಟಿಗೆ ಹೋಗುತ್ತದೆ. ತ್ರೀ ಸಿಸ್ಟರ್ಸ್ ಬಂಡೆಗಳನ್ನು ಅಲ್ಲಿಂದಲೇ ನೋಡಬಹುದು, ಮೆಟ್ಟಿಲಿಳಿಯಬೇಕಿಲ್ಲ. ಅದೇ ಬಸ್ಸು ಸೀನಿಕ್ ವರ್ಲ್ಡ್‌ಗೂ ಹೋಗುತ್ತದೆ. ಅಲ್ಲಿನ ಕಡಿದಾದ ರೈಲು 52 ಡಿಗ್ರಿ ಇಳಿಜಾರಿನದು, ಮಗಳಿಗೆ ಖುಷಿ. ಅತ್ತೆಗೆ ಕೇಬಲ್‌ವೇ ಒಳ್ಳೆಯದು. ಹೊರಡುವ ಬೆಳಗ್ಗೆ ಮಂಜಿನ ಮುನ್ಸೂಚನೆ ನೋಡಿ, ಮುಸುಕಿದ್ದರೆ ದಿನ ಬದಲಿಸಿ, ಕಣಿವೆ ಕಾಣುವುದೇ ಇಲ್ಲ. ಸ್ವೆಟರ್ ಬೇಕು.

ಕಾರ್ಡಿನ ಬಗ್ಗೆ ಇನ್ನೆರಡು ಮಾತು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು, ತಲೆಗೊಂದು ಬೇಕು. ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಬಹುದು, ಆದರೆ ಬೆಳಗ್ಗೆ ಕಾರ್ಡು, ಸಂಜೆ ಫೋನು ಅಂತ ಬದಲಿಸಿದರೆ ಎರಡು ಬೇರೆ ಲೆಕ್ಕವಾಗಿ ಮಿತಿ ಸೇರುವುದಿಲ್ಲ. ಮಗಳಿಗೆ ಮಕ್ಕಳ ಓಪಲ್ ಕಾರ್ಡೇ ತೆಗೆಯಿರಿ, 4ರಿಂದ 15 ವರ್ಷದವರೆಗೆ ಅರ್ಧ ದರ. ಬ್ಯಾಂಕ್ ಕಾರ್ಡು ಮುಟ್ಟಿಸಿದರೆ ದೊಡ್ಡವರ ದರ ಹೋಗುತ್ತದೆ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಂದಲೇ ತೆರೆದಿರುವುದಿಲ್ಲ. ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆ ಮತ್ತು ಮುಟ್ಟಿಸುವ ಪಾವತಿ ಎರಡನ್ನೂ ಇಲ್ಲಿಂದಲೇ ತೆರೆದುಕೊಂಡು ಹೋಗಿ. ಒಟಿಪಿ ಬರುವ ಸಂಖ್ಯೆಗೆ ರೋಮಿಂಗ್ ಇರಲಿ.

ಫೋನಿನ ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. 2024ರಲ್ಲಿ ಅಲ್ಲಿ 3ಜಿ ಪೂರ್ತಿ ನಿಂತಿತು. 4ಜಿ ಮೇಲೆ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಲಾಗದ ಫೋನುಗಳನ್ನು ಅಲ್ಲಿಯ ಕಂಪನಿಗಳು ತಡೆಯಲೇಬೇಕು. ಹೊರದೇಶದಲ್ಲಿ ಕೊಂಡ ಹಳೆಯ ಫೋನಿಗೆ ಇದು ತಟ್ಟುತ್ತದೆ. ಸಿಮ್ ಕೊಳ್ಳುವ ಮೊದಲು ಆ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿ ಹೊಂದುತ್ತದೆಯೇ ನೋಡಿ, ಮುಖ್ಯವಾಗಿ ಅತ್ತೆಯವರ ಫೋನು.

ಉಳಿಯುವ ಜಾಗ: ಒಂಬತ್ತೇ ರಾತ್ರಿಗೆ ಪ್ಯಾರಮಟ್ಟಾ ಬೇಡ. ಹೋಟೆಲು ಅಗ್ಗ, ದೋಸೆ ಹತ್ತಿರ, ಆದರೆ ಕಡಲು ದಿನಾ ದೂರ. ಸೆಂಟ್ರಲ್, ಹೇಮಾರ್ಕೆಟ್ ಅಥವಾ ವಿನ್ಯಾರ್ಡ್ ಸುತ್ತ ಅಡುಗೆಮನೆ ಇರುವ ಎರಡು ಕೋಣೆಯ ಅಪಾರ್ಟ್‌ಮೆಂಟ್ ಹೋಟೆಲ್ ನೋಡಿ, ಲಿಫ್ಟ್ ಇದೆಯೇ ಕೇಳಿ. ನಿಮ್ಮ ದಿನಾಂಕದ ಕೊನೆಯಲ್ಲಿ ಈಸ್ಟರ್ ಬರುತ್ತದೆ: ಏಪ್ರಿಲ್ 3 ಗುಡ್ ಫ್ರೈಡೇ, 5 ಈಸ್ಟರ್ ಭಾನುವಾರ. ಆ ಮೂರು ರಾತ್ರಿ ದರ ಏರುತ್ತದೆ, ಈಗಲೇ ಹಿಡಿಯಿರಿ. ಗುಡ್ ಫ್ರೈಡೇ ದಿನ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಹಾಲು ತರಕಾರಿ ಗುರುವಾರವೇ ತಂದಿಡಿ. ತೆರೆದಿರುವ ಹೋಟೆಲುಗಳಲ್ಲಿ ರಜಾದಿನದ ಹೆಚ್ಚುವರಿ ದರ ಇರುತ್ತದೆ.

ಅಡುಗೆ ಮಾಡುವವರು ದಯವಿಟ್ಟು ಇದನ್ನು ಓದಿ. ಒಗ್ಗರಣೆ ಹಾಕುವಾಗ ಒಲೆಯ ಮೇಲಿನ ಫ್ಯಾನು ಪೂರ್ತಿ ಹಾಕಿ, ಬಾಲ್ಕನಿ ಬಾಗಿಲು ತೆಗೆಯಿರಿ. ಹೊಗೆ ತುಂಬಿತೆಂದು ಕಾರಿಡಾರ್ ಕಡೆಯ ಬಾಗಿಲು ತೆಗೆಯಲೇಬೇಡಿ. ಕೋಣೆಯ ಅಲಾರಾಂ ಸಾಮಾನ್ಯವಾಗಿ ಕೋಣೆಯಲ್ಲೇ ಕೂಗಿ ನಿಲ್ಲುತ್ತದೆ. ಕಾರಿಡಾರಿನದು ಅಗ್ನಿಶಾಮಕ ದಳಕ್ಕೆ ನೇರ ಸಂಪರ್ಕದಲ್ಲಿರುತ್ತದೆ. ಗಾಡಿ ಬಂದು ಸುಳ್ಳು ಕರೆ ಎಂದಾದರೆ ಕಟ್ಟಡಕ್ಕೆ ಸಾವಿರ ಡಾಲರ್ ಮೀರಿದ ಬಿಲ್ಲು ಬರುತ್ತದೆ, ಅದನ್ನು ಅತಿಥಿಯ ತಲೆಗೆ ಹಾಕುತ್ತಾರೆ. ಒಣಮೆಣಸಿನಕಾಯಿ ಕರಿಯಾಗುವ ತನಕ ಹುರಿಯುವುದನ್ನು ಊರಿಗೆ ಬಂದ ಮೇಲೆ ಇಟ್ಟುಕೊಳ್ಳಿ.

ಮಲ್ಲಿಗೆಹಂಬು

ಎಲ್ಲರಿಗೂ ತುಂಬಾ ಧನ್ಯವಾದ. ಒಗ್ಗರಣೆ ವಿಷಯ ಯಾವ ಪ್ರವಾಸ ಪುಟದಲ್ಲೂ ಓದಿರಲಿಲ್ಲ. ಕಡಲಿನದು ಹೇಳಿ: ಬಾಂಡೈಯಿಂದ ಕೂಜಿವರೆಗೆ ನಡೆಯುವ ದಾರಿ ಅತ್ತೆಗೆ ಆದೀತೇ? ಮಗಳು ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ. ಮತ್ತೆ ವೀಸಾ ಎಷ್ಟು ಮುಂಚೆ?

ಈಜುಗಾರ್ತಿ

ಬಾಂಡೈ–ಕೂಜಿ ಆರು ಕಿಲೋಮೀಟರ್, ಉದ್ದಕ್ಕೂ ಮೆಟ್ಟಿಲು. ಅತ್ತೆಯವರಿಗೆ ಆಗದು. ಅದರ ಬದಲು ಮ್ಯಾನ್ಲಿ ಇಟ್ಟುಕೊಳ್ಳಿ, ಇದನ್ನು ಒತ್ತಿ ಹೇಳುತ್ತೇನೆ. ಊರೊಳಗಿನ ದೋಣಿಕಟ್ಟೆ ಸರ್ಕ್ಯುಲರ್ ಕೀಯಿಂದ ಎಫ್1 ದೋಣಿಯಲ್ಲಿ ಅರ್ಧ ಗಂಟೆ. ಒಪೆರಾ ಹೌಸು, 1932ರ ಹಾರ್ಬರ್ ಸೇತುವೆ ಎರಡೂ ಕೂತಲ್ಲಿಂದಲೇ ಕಾಣುತ್ತವೆ. ಹೋಗುವಾಗ ಬಲಗಡೆ ಕೂತರೆ ಒಪೆರಾ ಹೌಸು ಹತ್ತಿರ. ಮ್ಯಾನ್ಲಿಯ ದೋಣಿಕಟ್ಟೆಯಿಂದ ಸಮುದ್ರಕ್ಕೆ ಕಾರ್ಸೊ ಎಂಬ ಸಮತಟ್ಟಾದ ನಡಿಗೆ ಬೀದಿ. ಅಲ್ಲಿಂದ ಬಲಕ್ಕೆ ನೀರಿನ ಅಂಚಿನಲ್ಲೇ ಶೆಲ್ಲಿ ಬೀಚಿಗೆ ಕಾಂಕ್ರೀಟ್ ದಾರಿ, ನಡುವೆ ಬೆಂಚುಗಳಿವೆ. ಶೆಲ್ಲಿ ಬೀಚು ತೆರೆದ ಸಾಗರಕ್ಕೆ ಬೆನ್ನು ಹಾಕಿದೆ, ಅಲೆ ಸಣ್ಣದು. ದಾರಿಯಲ್ಲಿ ಫೇರಿ ಬೋವರ್ ಎಂಬ ಬಂಡೆಯ ಕೊಳವಿದೆ, ಮಗಳಿಗೆ ಅದೇ ಚೆಂದ. ಆ ಕೊಲ್ಲಿ ಸಂರಕ್ಷಿತ. ಚಿಪ್ಪು, ಕಲ್ಲು ಏನನ್ನೂ ಎತ್ತಿಕೊಂಡು ಬರಬಾರದು.

ಕೊಳದಲ್ಲಿ ಈಜುವುದಕ್ಕೂ ಅಲ್ಲಿಯ ಕಡಲಿಗೂ ಸಂಬಂಧವಿಲ್ಲ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬಾವುಟ ಇಲ್ಲವೆಂದರೆ ಇಳಿಯಬೇಡಿ. ಜೀವ ತೆಗೆಯುವುದು ಸೆಳವು. ದಡಕ್ಕೆ ಬಂದ ನೀರು ತಿರುಗಿ ಹೋಗಲು ಮಾಡಿಕೊಂಡ ಕಾಲುವೆ ಅದು. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಶಾಂತವಾಗಿ, ಕಪ್ಪಗೆ ಕಂಡರೆ ಅದೇ ಸೆಳವು. ಹೊಸಬರು ಅದನ್ನೇ ಸುರಕ್ಷಿತ ಜಾಗ ಅಂದುಕೊಂಡು ಇಳಿಯುತ್ತಾರೆ. ಬಾಂಡೈಯ ದಕ್ಷಿಣ ತುದಿಯಲ್ಲಿ ಇಂಥದ್ದು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಬಾರದು, ಸುಸ್ತಾಗಿ ಮುಳುಗುವುದು ಅದರಿಂದಲೇ. ಮೈ ಸಡಿಲ ಬಿಟ್ಟು ತೇಲಿ, ಒಂದು ಕೈ ಎತ್ತಿ ಬೀಸಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜಿ. ಸೀರೆ, ಜೀನ್ಸ್ ತೊಟ್ಟು ಮಂಡಿ ಮಟ್ಟದ ನೀರಿಗೂ ಹೋಗಬೇಡಿ. ನೆನೆದ ಬಟ್ಟೆಯ ಭಾರಕ್ಕೆ ಬಿದ್ದವರು ಏಳಲಾಗುವುದಿಲ್ಲ.

ದಡದಲ್ಲಿ ನೀಲಿ ಬಲೂನಿನಂಥದ್ದು ಬಿದ್ದಿದ್ದರೆ ಅದು ಬ್ಲೂಬಾಟಲ್. ಒಣಗಿದ್ದರೂ ಮಗು ಮುಟ್ಟದಿರಲಿ. ಕುಟುಕಿದರೆ ಉಜ್ಜಬೇಡಿ. ಎಳೆ ತೆಗೆದು, ಸಮುದ್ರದ ನೀರಲ್ಲೇ ತೊಳೆದು, ಚರ್ಮ ತಡೆಯುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಜೀವರಕ್ಷಕರ ಬಳಿ ಕೇಳಿ.

ಮಾರ್ಚಿನಲ್ಲಿ ನೀರು ಬೆಚ್ಚಗೆ, 23 ಡಿಗ್ರಿ ಆಸುಪಾಸು, ಆದರೆ ಮಳೆಯೂ ಹೆಚ್ಚು. ಜೋರು ಮಳೆ ಬಂದರೆ ಊರಿನ ಕೊಳೆನೀರೆಲ್ಲ ಕಡಲಿಗೆ. ತೆರೆದ ಸಾಗರದ ತೀರದಲ್ಲಿ ಒಂದು ದಿನ, ಬಂದರಿನ ಒಳಗಿನ ತೀರಗಳಲ್ಲಿ ಮೂರು ದಿನ ನೀರಿಗಿಳಿಯಬಾರದು. ಬೆಚ್ಚಗಿನ ತಿಂಗಳುಗಳಲ್ಲಿ ಬಂದರಿನೊಳಗೆ ಬುಲ್ ಶಾರ್ಕ್‌ಗಳೂ ಇರುತ್ತವೆ. ಅಲ್ಲಿ ಈಜುವುದಾದರೆ ಬಾಲ್ಮೊರಲ್‌ನಂಥ ಬಲೆ ಕಟ್ಟಿದ ಜಾಗದಲ್ಲೇ ಈಜಿ. ನಮ್ಮ ಮೈಬಣ್ಣಕ್ಕೆ ಬಿಸಿಲು ಏನೂ ಮಾಡದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹೊರಡುವ ಇಪ್ಪತ್ತು ನಿಮಿಷ ಮೊದಲು, ಮತ್ತೆ ಎರಡು ಗಂಟೆಗೊಮ್ಮೆ ಹಚ್ಚಿಕೊಳ್ಳಿ.

ಬಾಂಡೈ ನೋಡಲೇಬೇಕೆಂದರೆ 333 ಬಸ್ಸಿನಲ್ಲಿ ಹೋಗಿ ದಡದ ಕಟ್ಟೆಯ ಮೇಲೆ ಕೂತು ನೋಡಿ ಬನ್ನಿ.

ಪಡುವಣದಲೆ

ವೀಸಾಕ್ಕೆ ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಿ. ಸಂದರ್ಶಕ ವೀಸಾ, ಉಪವರ್ಗ 600, ಆಸ್ಟ್ರೇಲಿಯಾ ಸರ್ಕಾರದ ಇಮ್ಮಿಅಕೌಂಟ್ ತಾಣದಲ್ಲಿ ನೇರವಾಗಿ ಹಾಕಬಹುದು. ಮಗು ಸೇರಿ ನಾಲ್ವರಿಗೂ ಬೇರೆಬೇರೆ ಅರ್ಜಿ, ಬೇರೆಬೇರೆ ಶುಲ್ಕ. ನಾಲ್ಕನ್ನೂ ಒಂದು ಗುಂಪಾಗಿ ಸೇರಿಸಿ. ಪಾಸ್‌ಪೋರ್ಟಿನಲ್ಲಿ ಮುದ್ರೆ ಅಂಟಿಸುವುದಿಲ್ಲ, ಇಮೇಲಿನಲ್ಲಿ ಪತ್ರ ಬರುತ್ತದೆ. ಮೂರು ತಿಂಗಳ ಬ್ಯಾಂಕ್ ವಿವರ, ಆದಾಯ ತೆರಿಗೆ ಪತ್ರ, ಕೆಲಸದ ಕಡೆಯ ರಜೆ ಪತ್ರ, ದಿನವಾರು ಯೋಜನೆ ಲಗತ್ತಿಸಿ. ಅತ್ತೆಯವರಿಗೆ ಸ್ವಂತ ಆದಾಯವಿಲ್ಲದಿದ್ದರೆ ಖರ್ಚು ನಿಮ್ಮದೆಂದು ಪತ್ರ ಬರೆದು, ಸಂಬಂಧ ತೋರಿಸುವ ದಾಖಲೆ ಸೇರಿಸಿ. ಅರ್ಜಿಗೆ ಮೊದಲು ಹಠಾತ್ತನೆ ಖಾತೆಗೆ ದೊಡ್ಡ ಮೊತ್ತ ತುಂಬಿದರೆ ಅನುಮಾನ ಹುಟ್ಟುತ್ತದೆ, ಎಲ್ಲಿಂದ ಬಂತೆಂದು ವಿವರಿಸಿ. ಹೆಸರಿನ ತೊಡಕು ನಮ್ಮವರಿಗೆ ಸಾಮಾನ್ಯ. ಇನಿಷಿಯಲ್ ಬಿಡಿಸಿದ್ದೋ ಇಲ್ಲವೋ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ವೀಸಾ, ಟಿಕೆಟ್ ಎರಡರಲ್ಲೂ ಇರಲಿ.

ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪರಸ್ಪರ ಆರೋಗ್ಯ ಸೇವೆಯ ಒಪ್ಪಂದವಿಲ್ಲ. ಅತ್ತೆಯವರ ಮಂಡಿ, ಬಿಪಿ, ಸಕ್ಕರೆ ಏನಿದೆಯೋ ಎಲ್ಲ ತಿಳಿಸಿಯೇ ವಿಮೆ ತೆಗೆಯಿರಿ. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ತಿರುಗಿ ಬೀಳುತ್ತದೆ.

ಹುಬ್ಬಳ್ಳಿಮಂದಿ

ಪಡುವಣದಲೆ ಸರ್ ಹೇಳಿದ್ದು ಒಪ್ಪಿದೆ, ಗುಡ್ಡಕ್ಕ ಮಂಗಳವಾರೋ ಬುಧವಾರೋ ಹೋಗ್ರಿ. ಅರ್ಧ ದರದ ದಿನ ದೋಣಿಗೆ ಇಟ್ಕೊಳ್ರಿ: ಶನಿವಾರ 28ಕ್ಕ ಮ್ಯಾನ್ಲಿ, ಗುಡ್ ಫ್ರೈಡೇಕ್ಕ ಎಫ್9 ದೋಣಿ ಹಿಡದು ವಾಟ್ಸನ್ಸ್ ಬೇ. ದೋಣಿ ದರ ರೈಲಿಗಿಂತ ಜಾಸ್ತಿ, ಹಂಗಾಗಿ ಮಿತಿ ಖರೇನ ಉಪಯೋಗ ಆಗೋದು ಅಲ್ಲೇ. ಶುಕ್ರವಾರ ಇಳಿದ ದಿನ ಬರೇ ಸರ್ಕ್ಯುಲರ್ ಕೀ, ಬೊಟಾನಿಕ್ ಗಾರ್ಡನ್ ಸಾಕು.

ಹೆಲೆನ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನಕ್ಕ ಅಮ್ಮಾರನ್ನ ಕರ್ಕೊಂಡ ಹೋಗೋದಿದ್ರ ರೈಲು ನಿಲ್ದಾಣದಿಂದ ನಡೆಯೋದು ಅವರಿಗೆ ದೂರ, ಅಲ್ಲಿ ಟ್ಯಾಕ್ಸಿನೂ ಗ್ಯಾರಂಟಿ ಇಲ್ಲ. ಅದೊಂದ ದಿನ ಬಾಡಿಗಿ ಕಾರು ತಗೊಳ್ರಿ. ಎಡಗಡೇನ ಓಡಸೋದು, ನಮ್ಮಂಗನ. ಇಂಗ್ಲಿಷಿನ್ಯಾಗ ಇರೋ ಲೈಸೆನ್ಸ್ ನಡೀತದ, ಆದ್ರೂ ಆರ್‌ಟಿಓದಾಗ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸ್ಕೊಂಡ್ರ ಬಾಡಿಗಿ ಕಂಪನಿ ತಕರಾರು ಮಾಡಂಗಿಲ್ಲ. ಶಾಲಿ ಮುಂದ 40ರ ಮಿತಿ, ಫೋನು ಹಿಡದ್ರ ಕ್ಯಾಮೆರಾ ಹಿಡೀತದ.

ರೆಕ್ಕೆಲೆಕ್ಕ

ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಮರಳುವ ದಿನ, ಏಪ್ರಿಲ್ 5, ಅಲ್ಲಿ ಬೇಸಿಗೆ ಸಮಯ ಮುಗಿಯುವ ದಿನ. ಬೆಳಗಿನ ಜಾವ ಮೂರು ಗಂಟೆಗೆ ಗಡಿಯಾರ ಎರಡಕ್ಕೆ ಹಿಂದೆ ಹೋಗುತ್ತದೆ. ಟಿಕೆಟ್ಟಿನಲ್ಲಿ ಇರುವುದು ಹೊಸ ಸಮಯ. ಫೋನು ತಾನಾಗಿ ಬದಲಾಗುತ್ತದೆ, ಕೈಗಡಿಯಾರವೂ ಹೋಟೆಲಿನ ಗೋಡೆ ಗಡಿಯಾರವೂ ಬದಲಾಗುವುದಿಲ್ಲ. ಪುಣ್ಯಕ್ಕೆ ಈ ಬದಲಾವಣೆಯಲ್ಲಿ ಹಳೆ ಗಡಿಯಾರ ನಂಬಿದವರು ಒಂದು ಗಂಟೆ ಬೇಗ ತಲುಪುತ್ತಾರೆ, ತಡವಾಗುವುದಿಲ್ಲ. ಆದರೆ ಟ್ಯಾಕ್ಸಿ ಹೇಳಿಡುವಾಗ ಹೊಸ ಸಮಯವೇ ಎಂದು ಖಚಿತ ಮಾಡಿಕೊಳ್ಳಿ. ಅಂದಿನಿಂದ ನಮಗೂ ಅಲ್ಲಿಗೂ ವ್ಯತ್ಯಾಸ ನಾಲ್ಕೂವರೆ ಗಂಟೆ. ಬೆಂಗಳೂರಲ್ಲಿ ಕರೆದೊಯ್ಯಲು ಬರುವವರಿಗೆ ಟಿಕೆಟ್ಟಿನ ಮೇಲಿನ ಇಲ್ಲಿಯ ಸಮಯವನ್ನೇ ಕಳಿಸಿ, ನೀವೇ ಕೂಡಿ ಕಳೆದು ಹೇಳಬೇಡಿ.

ಈಸ್ಟರ್ ಭಾನುವಾರ ನಿಲ್ದಾಣದಲ್ಲಿ ಜನ ಬಹಳ. ಮೂರು ಗಂಟೆ ಮೊದಲು ಅಲ್ಲಿರಿ. ಒಂದೇ ಅಂಗಡಿಯಲ್ಲಿ 300 ಡಾಲರ್ ಮೇಲೆ ಕೊಂಡದ್ದರ ತೆರಿಗೆ ವಾಪಸು ಕೇಳುವುದಿದ್ದರೆ ಇನ್ನೂ ಅರ್ಧ ಗಂಟೆ ಬೇಗ. ವಸ್ತುವನ್ನೂ ಬಿಲ್ಲನ್ನೂ ವಲಸೆ ತಪಾಸಣೆ ದಾಟಿದ ಮೇಲೆ ತೋರಿಸಬೇಕು, ಆದ್ದರಿಂದ ಅದು ಕೈಚೀಲದಲ್ಲೇ ಇರಲಿ. ದ್ರವದ ಬಾಟಲಿಯಾದರೆ ಪೆಟ್ಟಿಗೆ ಒಪ್ಪಿಸುವ ಮೊದಲೇ ಗಡಿ ಅಧಿಕಾರಿಗಳ ಕಚೇರಿಯಲ್ಲಿ ತೋರಿಸಿಕೊಳ್ಳಿ.

ಮಲ್ಲಿಗೆಹಂಬು

ಗಡಿಯಾರದ ವಿಷಯ ಗೊತ್ತೇ ಇರಲಿಲ್ಲ ಸರ್. ಅತ್ತೆಯವರು ಗಾಲಿಕುರ್ಚಿಗೆ ಒಪ್ಪಿದ್ದಾರೆ. ನಡುಸಾಲಿನ ನಾಲ್ಕು ಸೀಟು ಒಟ್ಟಿಗೆ ಖಾಲಿ ಇರುವುದನ್ನು ನೋಡಿಕೊಂಡು ಇವತ್ತೇ ಟಿಕೆಟ್ ತೆಗೆಯುತ್ತೇವೆ. ಉಪ್ಪಿನಕಾಯಿ ಬಿಟ್ಟೆವು, ಪುಡಿಗಳು ಮಾತ್ರ.

ಗಂಟುಮೂಟೆ

ಪುಡಿಯ ಚೀಟಿಯಲ್ಲಿ ಕೊಬ್ಬರಿ, ಎಳ್ಳು ಹಾಕಿದ್ದರೆ ಅದನ್ನೂ ಬರೆಯಿರಿ ಮೇಡಂ. ಆಗಮನ ಕಾರ್ಡು ತುಂಬಲು ಪೆನ್ನು ಎರಡು ಕೈಚೀಲದಲ್ಲಿರಲಿ.